ಸತ್ತವನ ಅಭಿಪ್ರಾಯ

ನಂಬದೆ ಇರಿ, ನೋಡೋಣ. ತಿಪಟೂರಿನ ನಮ್ಮ ಬೋರ್ಡು ಮೇಷ್ಟ್ರ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ದಿನಕ್ಕೊಬ್ಬ ಮನುಷ್ಯ ಸಾಯುತ್ತಿದ್ದ. ಕುಂಚದ ಮೊನೆ ಸರಿಯಾಗಿದೆಯೇ ಎಂದು ನೋಡಲು ಬೇರೆ ಪೇಂಟರುಗಳು ಗೋಡೆಗೆ ಒಂದು ಗೀಟು ಎಳೆಯುತ್ತಾರೆ. ಇವರು ಉಗುರಿನ ಮೇಲೆ ಒಂದು ಮುಖ ಬರೆಯುತ್ತಿದ್ದರು. ಬೆಳಿಗ್ಗೆ ಯಾರು ಚೌಕಾಸಿ ಮಾಡಿ ಹೊಟ್ಟೆ ಉರಿಸಿದ್ದರೋ ಅವರದೇ ಮುಖ. ಕಡಲೆಬೇಳೆಯಷ್ಟು ಜಾಗದಲ್ಲಿ ಕಣ್ಣು, ಮೀಸೆ, ಹೊರಗೆ ಬಿದ್ದ ನಾಲಿಗೆ, ಕತ್ತಿಗೊಂದು ಹಗ್ಗ. ಸಂಜೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, "ಇವತ್ತಿನ ಹೆಣ ಎತ್ತಾಯ್ತು ಕಣ್ಲಾ" ಎಂದು ಮನೆಗೆ ಹೊರಡುವರು. ನನ್ನ ಮುಖವೂ ಅಲ್ಲಿ ಎಷ್ಟೋ ಸಲ ನೇತಾಡಿದೆ. ನಿಜಕ್ಕಿಂತ ಉಗುರಿನ ಮೇಲೆಯೇ ನಾನು ಲಕ್ಷಣವಾಗಿದ್ದೆ ಎಂದು ನೋಡಿದವರು ಹೇಳಿದ್ದಾರೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬಸ್ ಸ್ಟ್ಯಾಂಡಿನ ಹತ್ತಿರ ನಾನು ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದೆ. ಪತ್ತೇದಾರಿ, ಸಾಂಸಾರಿಕ, ದೆವ್ವ, ಎಲ್ಲ ದಿನದ ಬಾಡಿಗೆಗೆ. ಊರಿನಲ್ಲಿ ನನ್ನ ಮಾತು ನಂಬಿ ಕೆಟ್ಟವರಿದ್ದರು. ನಂಬದೆ ಕೆಟ್ಟವರು ಅದಕ್ಕಿಂತ ಹೆಚ್ಚು. ಪತ್ತೇದಾರಿ ಪುಸ್ತಕ ಒಯ್ಯುವವರಿಗೆ ಕೊಲೆಗಾರ ಯಾರೆಂದು ಬಾಗಿಲಲ್ಲೇ ಹೇಳಿಬಿಡುತ್ತಿದ್ದೆ. ಬರೀ ಸುಳ್ಳು. ಪಾಪ, ಅವರು ಕೊನೆಯ ಪುಟದವರೆಗೂ ಯಾವನೋ ಸಾಧುವನ್ನು ಹಲ್ಲು ಕಡಿದು ದ್ವೇಷಿಸುತ್ತಾ ಓದುತ್ತಿದ್ದರು.

ನನ್ನ ಅಂಗಡಿಗೆ ಒಂದೇ ಕಾನೂನು. ಪುಸ್ತಕ ವಾಪಸ್ ಕೊಡುವಾಗ ಅಭಿಪ್ರಾಯ ಹೇಳಬೇಕು. ಹೇಳದವರಿಗೆ ಮುಂದಿನ ಪುಸ್ತಕ ಇಲ್ಲ. ಈ ಕಾನೂನು ಮಾಡಿದವನು ನಾನಲ್ಲ, ಮೇಷ್ಟ್ರು. ಯಾಕೆಂದರೆ ಅವರೂ ಪುಸ್ತಕ ಬರೆಯುತ್ತಿದ್ದರು.

ಬರೆಯುತ್ತಿದ್ದರು ಅಂದರೆ ಚಿತ್ರ ಬರೆಯುತ್ತಿದ್ದರು. ಪೇಟೆಯ ಅಂಗಡಿಗಳಿಗೆ ಬೋರ್ಡು ಬರೆದು ಉಳಿದ ಬಣ್ಣದಲ್ಲಿ ಡ್ರಾಯಿಂಗ್ ಹಾಳೆಯ ಮೇಲೆ ಚೌಕ ಚೌಕವಾಗಿ ಕಥೆ. ದಬ್ಬಳದಲ್ಲಿ ಗೋಣಿ ದಾರ ಪೋಣಿಸಿ ಹೊಲಿದರೆ ಪುಸ್ತಕ. ಒಂದೊಂದು ಭಾಗಕ್ಕೂ ಒಂದೇ ಪ್ರತಿ, ಅದು ನನ್ನ ಅಂಗಡಿಯಲ್ಲಿ. ಹೆಸರು 'ಅಟ್ಟದಯ್ಯ'. ನಮ್ಮ ಕಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅಟ್ಟದಯ್ಯ ಅಂಥ ಅಟ್ಟದಲ್ಲಿ ವಾಸವಾಗಿರುವ ಬೊಚ್ಚುಬಾಯಿ ಮುದುಕ. ಊರಿನಲ್ಲಿ ಯಾರು ಪರರ ಹೊಟ್ಟೆಗೆ ಹೊಡೆಯುತ್ತಾರೋ ಅವರನ್ನು ಮೇಲಕ್ಕೆ ಎಳೆದುಕೊಂಡು ನಗುನಗುತ್ತಾ ಕೊಲ್ಲುತ್ತಾನೆ. ಮೊದಲ ಭಾಗದಲ್ಲಿ ಟೆಂಟ್ ಸಿನಿಮಾದ ಗೇಟಿನವನನ್ನು ಟಿಕೇಟಿನ ಹಾಗೆ ಹರಿದು ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟ. ಎರಡನೆಯದರಲ್ಲಿ ಚಿಲ್ಲರೆ ಕೊಡದ ಕಂಡಕ್ಟರಿಗೆ ಹೊಟ್ಟೆ ಬಿರಿಯುವ ತನಕ ಚಿಲ್ಲರೆ ತಿನ್ನಿಸಿದ.

ನೀವು ಅಯ್ಯೋ ಅಂತೀರಿ. ಊರು ಅನ್ನಲಿಲ್ಲ. ಆ ಕಂಡಕ್ಟರೇ ತುರುವೇಕೆರೆ ಬಸ್ಸಿನಲ್ಲಿ ಟಿಕೇಟು ಹರಿಯುತ್ತಾ, "ಎರಡ್ನೇ ಭಾಗ ನಾನೇ ಕಣ್ರೀ, ಓದಿದ್ರಾ?" ಎಂದು ಎದೆಯುಬ್ಬಿಸಿ ಕೇಳುತ್ತಿದ್ದ. ಚಿಲ್ಲರೆ ಮಾತ್ರ ಆಮೇಲೂ ಕೊಡಲಿಲ್ಲ.

ಅಂಗಡಿಯ ಹಿಂದುಗಡೆ ಒಂದು ಗೋಣಿ ಪರದೆ. ಅದರ ಹಿಂದೆ ಮೇಷ್ಟ್ರು ಹಚ್ಚದ ಬೀಡಿ ಕಚ್ಚಿಕೊಂಡು ಕೂತು ಅಭಿಪ್ರಾಯ ಕೇಳುವರು. ಯಾರಾದರೂ ಹೊಗಳಿದರೆ ಮುಖ ಹುಳ್ಳಗಾಗುತ್ತಿತ್ತು. ಬೈದರೆ ಅವರ ಹೆಸರಿಗೆ ಒಂದು ಟೀ. "ಹೊಗಳೋನು ಅರ್ಧ ಓದಿರ್ತಾನೆ ಕಣ್ಲಾ. ಬೈಯೋನು ಎರಡ್ ಸಲ ಓದಿರ್ತಾನೆ." ಇದು ಗೊತ್ತಾದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಬರುವವರಿಗೆಲ್ಲ ಕಣ್ಣು ಮಿಟುಕಿಸಿ, ದೇವರ ಸ್ತೋತ್ರ ಹೇಳಿದ ಹಾಗೆ ಹೊಗಳಿಸಿದೆ. ಪರದೆ ಹಿಂದೆ ಬೀಡಿ ಮುರಿದ ಸದ್ದು ಕೇಳಿತು. ಮರುದಿನ ಉಗುರಿನ ಮೇಲೆ ಯಾರಿದ್ದರು ಎಂದು ಹೇಳಬೇಕಾಗಿಲ್ಲ.

ಆಮೇಲೆ ಬಂತು ಮೂರನೇ ಭಾಗ.

ಅದರಲ್ಲಿ ಸತ್ತವರು ಊರಿನ ಕೊಬ್ಬರಿ ಮಂಡಿಯ ಸಾಹುಕಾರರು. ಚಿನ್ನದ ಹಲ್ಲು, ಕಿವಿಯ ಮೇಲೆ ಕೂದಲಿನ ಪೊದೆ, ಬಿಸಿಲಿಲ್ಲದಿದ್ದರೂ ಕೊಡೆ. ಕುರುಡನೂ ಗುರುತು ಹಿಡಿಯುವ ಹಾಗೆ ಬರೆದಿದ್ದರು. ಈ ಸಾಹುಕಾರರಿಂದಲೇ ಮೇಷ್ಟ್ರಿಗೆ ಅರ್ಧ ಬೋರ್ಡಿನ ಕೆಲಸ ಬರುತ್ತಿದ್ದದ್ದು. ಮೇಷ್ಟ್ರು ಸಂಸಾರ ಇಟ್ಟಿದ್ದ ಮನೆಯೂ ಇವರದೇ. ಆದರೆ ಈ ಸಾಹುಕಾರರಿಗೆ ಒಂದು ಚಾಳಿ. ರೈತರು ತಂದ ಕೊಬ್ಬರಿಯನ್ನು ಒಡೆದು, ಮೂಗಿನ ಹತ್ತಿರ ಹಿಡಿದು, ಎಂಥ ಒಳ್ಳೆಯದಾದರೂ "ಎರಡ್ನೇ ಮಾಲು" ಎಂದು ಪಕ್ಕಕ್ಕೆ ಎಸೆದು ಬೆಲೆ ಇಳಿಸುವುದು. ಮೇಷ್ಟ್ರ ಮಾವ ತುರುವೇಕೆರೆ ಕಡೆಯ ಬೆಳೆಗಾರ. ಆತನ ಕೊಬ್ಬರಿಗೆ ಪ್ರತಿ ವರ್ಷವೂ ಅದೇ ಮಾತು. ಮುದುಕ ಸಾಯುವಾಗಲೂ, "ಒಂದ್ ಸಲ ಮೊದಲ್ನೇದು ಅನ್ನಿಸ್ಕೊಳ್ಳಲಿಲ್ವಲ್ಲ" ಎಂದನಂತೆ.

ಪುಸ್ತಕದಲ್ಲಿ ಅಟ್ಟದಯ್ಯ ಸಾಹುಕಾರರ ಪಂಚೆ ಬಿಚ್ಚಿ, ಕಾಯಿಗಳ ನಡುವೆ ಅಟ್ಟಕ್ಕೆ ಏರಿಸಿ, ಕೆಳಗೆ ಒಲೆ ಹಚ್ಚುತ್ತಾನೆ. ತಿಂಗಳಿಗೊಂದು ಚೌಕ. ಒಂದೊಂದರಲ್ಲೂ ಹೊಟ್ಟೆ ಕರಗುತ್ತದೆ, ಕಣ್ಣು ಇಂಗುತ್ತದೆ, ಚಿನ್ನದ ಹಲ್ಲು ಮಾತ್ರ ದೊಡ್ಡದಾಗುತ್ತಾ ಹೋಗುತ್ತದೆ. ಕೊನೆಗೆ ಕಾಲು ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ. ಹಾರೆಗೆ ಕುಕ್ಕಿ ಸುಲಿದು, ಒಳಗಿನ ಉಂಡೆ ತೆಗೆದು, ಮಾರುಕಟ್ಟೆಗೆ ಒಯ್ಯುತ್ತಾನೆ. ಅಲ್ಲಿ ಒಬ್ಬ ಬಡರೈತ ಅದನ್ನು ಮೂಗಿನ ಹತ್ತಿರ ಹಿಡಿದು ಹೇಳುತ್ತಾನೆ: "ಎರಡ್ನೇ ಮಾಲು." ಅಲ್ಲಿಗೆ ಮುಗಿಯಿತು.

ಊರು ಮುಗಿಬಿದ್ದು ಓದಿತು. ಮಾಯಸಂದ್ರದ ತೋಟದ ಗೌಡರೊಬ್ಬರು ಪುಸ್ತಕವನ್ನು ಮೇಜಿಗೆ ಕುಕ್ಕಿ ರೇಗಿದರು. "ಅಲ್ಲ ಕಣಪ್ಪ, ಯಾವನಾದ್ರೂ ಸಿಪ್ಪೆ ತೆಗ್ದು ಅಟ್ಟಕ್ಕಾಕ್ತಾನಾ? ಪಂಚೆ ಯಾಕ್ ಬಿಚ್ಚಿದ? ಕೊಳ್ತೋಗಲ್ವಾ?" ಕೊಲೆಯ ಬಗ್ಗೆ ಅವರದೇನೂ ತಕರಾರಿರಲಿಲ್ಲ. ರಿಟೈರಾದ ಶಾಲೆ ಮೇಷ್ಟ್ರೊಬ್ಬರು, ಇದರಿಂದ ಮಕ್ಕಳ ಮನಸ್ಸು ಕೆಡುತ್ತದೆ ಎಂದು ಭಾಷಣ ಮಾಡಿ, ಮಕ್ಕಳ ಕೈಗೆ ಸಿಗಬಾರದೆಂದು ಇನ್ನೊಂದು ವಾರಕ್ಕೆ ತಾವೇ ಇಟ್ಟುಕೊಂಡರು. ಬಟ್ಟೆ ಹೊಲಿಯುವ ಹೆಂಗಸೊಬ್ಬಳು, ಗಂಡ ಬಿಟ್ಟವಳು, "ಒಲೆ ಉರಿ ಸಾಲ್ದು" ಎಂದಷ್ಟೇ ಹೇಳಿ ಎದ್ದು ಹೋದಳು. ಪರದೆ ಹಿಂದಿನಿಂದ ಅವಳಿಗೆ ಎರಡು ಟೀ ಮಂಜೂರಾಯಿತು.

ಹೀಗಿರುವಾಗ ಸಾಹುಕಾರರ ಗುಮಾಸ್ತೆ ಬಂದು ನಿಂತ. "ಅದೇನೋ ಬೊಂಬೆ ಪುಸ್ತಕವಂತಲ್ಲ, ಇಸ್ಕೊಂಬಾ ಅಂದವ್ರೆ."

ನನಗೆ ಕೈಕಾಲು ತಣ್ಣಗಾದರೂ ನಾಲಿಗೆ ತಣ್ಣಗಾಗುವುದಿಲ್ಲ. "ಅಯ್ಯೋ, ಈಗ ತಾನೇ ಮಾಯಸಂದ್ರದೋರು ತಗೊಂಡೋದ್ರಲ್ಲಪ್ಪ. ಅವ್ರ ಎಮ್ಮೆ ಕರ ಹಾಕೈತಂತೆ, ಈ ವಾರ ಬರಲ್ಲ."

ಪರದೆಯ ಸಂದಿಯಿಂದ ಬಣ್ಣ ಮೆತ್ತಿದ ಒಂದು ಕೈ ಹೊರಗೆ ಬಂತು. ಕೈಯಲ್ಲಿ ಮೂರನೇ ಭಾಗ. "ತಗೊಂಡೋಗಪ್ಪ. ಸತ್ತೋನ ಅಭಿಪ್ರಾಯ ಬಾರ್ದೆ ಪುಸ್ತಕ ಪೂರ್ತಿ ಆಗಲ್ಲ."

ಗುಮಾಸ್ತೆ ಹೋದ ಮೇಲೆ, "ಮೇಷ್ಟ್ರೇ, ನಾಳೆ ನಿಮ್ ಪಾತ್ರೆ ಪಡಗ ಬೀದೀಲಿರ್ತವೆ" ಎಂದೆ.

"ಇದ್ರೆ ಇರ್ಲಿ ಬುಡು. ಪೂರ್ತಿ ಓದ್ತಾನಲ್ಲ."

ಆ ವಾರ ಮೇಷ್ಟ್ರ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದೆ, ದಿನವೂ ಅಂಗಡಿಗೆ ಬಂದು, "ಏನಂದ್ರಂತೆ ಕಣಪ್ಪ?" ಎಂದು ಕೇಳಿ ಹೋಗುವಳು. ಒಂದು ದಿನ ಪರದೆಗೆ ಕೇಳುವ ಹಾಗೆ ಹೇಳಿದಳು: "ನಿಮ್ ಮೇಷ್ಟ್ರ ಪುಸ್ತಕದಲ್ಲಿ ಸಾಯೋದು ಸಲೀಸು. ಅವ್ರ ಜೊತೆ ಬದುಕ್ ನೋಡು ಗೊತ್ತಾಯ್ತದೆ." ಪರದೆ ಅಲ್ಲಾಡಲಿಲ್ಲ. ಟೀ ಕೂಡ ಬರಲಿಲ್ಲ.

ಸಂತೆಯ ದಿನ ಸಾಹುಕಾರರೇ ಬಂದರು. ಅಂಗಡಿಯಲ್ಲಿದ್ದವರು ಪುಸ್ತಕದೊಳಗೆ ಮುಖ ಹುದುಗಿಸಿದರು. ಒಬ್ಬ ತಲೆಕೆಳಗಾಗಿ ಹಿಡಿದಿದ್ದ. ಸಾಹುಕಾರರು ಸ್ಟೂಲಿನ ಮೇಲೆ ಕೂತು ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಲೇ ಹುಡ್ಗ, ನಿನ್ ಅಂಗ್ಡೀಲಿ ಅಭಿಪ್ರಾಯ ಹೇಳ್ಬೇಕಂತಲ್ಲ?"

"ನೀವ್ ಹೇಳ್ದಿದ್ರೂ ನಡೀತದೆ ಸಾಹುಕಾರ್ರೇ."

"ಬಾಳ ಚೆನ್ನಾಗೈತೆ ಕಣ್ಲಾ. ನಾನು ಒಣಗೋದು ಬರ್ದವ್ನಲ್ಲ, ಗಲ್ಲ ಬಿದ್ದೋಗಿ, ನಮ್ಮಪ್ಪ ಸಾಯೋ ಕಾಲ್ದಲ್ಲಿ ಥೇಟ್ ಹಂಗೇ ಇದ್ದ. ನಮ್ಮನೇವ್ಳಂತೂ ನಕ್ಕು ನಕ್ಕು ತಟ್ಟೇಲಿದ್ದ ಅನ್ನ ಚೆಲ್ಬುಟ್ಲು. ಕೊಂದಿದ್ಕೆ ನಂಗೆ ಬೇಜಾರಿಲ್ಲ." ಪುಸ್ತಕದ ಕೊನೆಯ ಹಾಳೆ ತೆಗೆದು ಬೆರಳಿಟ್ಟರು. "ಇದೇನ್ಲಾ ಇದು? ಎರಡ್ನೇ ಮಾಲು? ನಾನು?"

ಮೇಷ್ಟ್ರು ಪರದೆ ಸರಿಸಿ ಹೊರಗೆ ಬಂದರು.

"ಮೂರು ತಲೆಮಾರಿಂದ ನಮ್ ಮಂಡಿಯಿಂದ ಎರಡ್ನೇ ಮಾಲು ಹೊರಗ್ ಹೋಗಿಲ್ಲ ಕಣಯ್ಯ" ಎಂದರು ಸಾಹುಕಾರರು.

"ಹೊರಗ್ ಹೋಗಿಲ್ಲ, ನಿಜ. ಒಳಗ್ ಬರೋದೆಲ್ಲ ಎರಡ್ನೇದೇ ಅಲ್ವಾ ಸಾಹುಕಾರ್ರೇ?"

ತಲೆಕೆಳಗಾಗಿ ಪುಸ್ತಕ ಹಿಡಿದಿದ್ದವನು ಕಿಸಕ್ಕನೆ ನಕ್ಕ. ಸಾಹುಕಾರರು ನಗಲಿಲ್ಲ. "ಇನ್ನೊಂದ್ ಸಲ ಬೇಕಾದ್ರೆ ಕೊಲ್ಲು. ಸುಟ್ಟಾಕು, ಬೇಡ ಅನ್ನಲ್ಲ. ಆ ಒಂದ್ ಮಾತು ತಿದ್ದು. ಮೊದಲ್ನೇದು ಅಂತ ಬರಿ."

"ಆಗಲ್ಲ."

"ಒಂದ್ ಪದ ಕಣಯ್ಯ!"

"ಆ ಒಂದ್ ಪದಕ್ಕೋಸ್ಕರವೇ ಮಿಕ್ಕಿದ್ದೆಲ್ಲ ಬರ್ದಿದ್ದು."

ಸಾಹುಕಾರರು ಎದ್ದರು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡರು. ವಾಪಸ್ ಕೇಳುವ ಧೈರ್ಯ ನನಗಿರಲಿಲ್ಲ. ಊರಿಗೆಲ್ಲ ಟೋಪಿ ಹಾಕಿದ ನಾನು ಅಂದು ಎರಡು ಕೈ ಕಟ್ಟಿ ನಿಂತಿದ್ದೆ. "ಅಮಾಸೆ ಒಳಗೆ ಮನೆ ಖಾಲಿ ಮಾಡು" ಎಂದು ಬಿಸಿಲಿಲ್ಲದ ಬೀದಿಯಲ್ಲಿ ಕೊಡೆ ಬಿಚ್ಚಿಕೊಂಡು ಹೋದರು.

ಆ ಸಂಜೆ ಮೇಷ್ಟ್ರ ಮನೆಯಲ್ಲಿ ನಾನೂ ಇದ್ದೆ. ಅಕ್ಕ ಗಂಡನ ಮುಂದೆ ಕುಂಚ ಮತ್ತು ಬಣ್ಣದ ಡಬ್ಬಿ ತಂದಿಟ್ಟಳು. "ಹೋಗಿ ತಿದ್ ಬನ್ರೀ. ಒಂದು ಮಾತು."

"ಅದು ನಿಮ್ಮಪ್ಪನ ಮಾತು ಕಣೇ. ಅವರಿಗೋಸ್ಕರ ಬರ್ದಿದ್ದು."

"ನಮ್ಮಪ್ಪ ಸತ್ತು ಮಣ್ಣಾಗವ್ನೆ. ಅವನಿಗೆ ಮನೆ ಬ್ಯಾಡ. ನಮಗ್ ಬೇಕು."

ಮೇಷ್ಟ್ರು ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಒತ್ತಿ ಮುಚ್ಚಿದರು. ನಾನು ನಡುವೆ ಬಾಯಿ ಹಾಕಿ, ಬೇಕಾದರೆ ಆ ಸಾಹುಕಾರರ ಮನೆಗೆ ನುಗ್ಗಿ ನಾನೇ ತಿದ್ದಿ ಬರುತ್ತೇನೆ, ನನ್ನ ಅಕ್ಷರವೂ ಚೆನ್ನಾಗಿದೆ ಎಂದೆ. ಅವರು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಬೆನ್ನಿಗೆ ಬರೆ ಎಳೆದ ಹಾಗಿದೆ. "ನೀನು ಸುಳ್ಳ ಅಂತ ಗೊತ್ತಿತ್ತು ಕಣ್ಲಾ. ನನ್ ಕೈಲಿ ಸುಳ್ ಹೇಳ್ಸೋ ಅಷ್ಟು ದೊಡ್ಡೋನಾದ್ಯಾ?"

ಮನೆ ಖಾಲಿಯಾಯಿತು. ಸಾಹುಕಾರರ ಮುನಿಸಿಗೆ ಹೆದರಿ ಪೇಟೆಯವರು ಬೋರ್ಡಿನ ಕೆಲಸ ನಿಲ್ಲಿಸಿದರು. ಮೂರನೇ ಭಾಗ ಓದಿ ಬಿದ್ದು ಬಿದ್ದು ನಕ್ಕವರೇ ಮುಂದೆ ನಿಂತು ನಿಲ್ಲಿಸಿದರು. ಮೇಷ್ಟ್ರು ಕಿಬ್ಬನಹಳ್ಳಿಯ ಹೆದ್ದಾರಿ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು ಹಿಡಿದು ಲಾರಿಗಳ ಹಿಂದೆ ಗುಲಾಬಿ, ಹಂಸ, ದೃಷ್ಟಿಬೊಂಬೆ ಬರೆಯತೊಡಗಿದರು. ಬೇಸಿಗೆಯಲ್ಲಿ ಆ ಶೆಡ್ಡೇ ಒಂದು ಅಟ್ಟ. ಒಮ್ಮೆ ಹೋದಾಗ, "ನಾಲ್ಕನೇ ಭಾಗ ಯಾವಾಗ ಮೇಷ್ಟ್ರೇ?" ಎಂದೆ. "ಕೊಲ್ಲೋ ಕೈ ಹೋಯ್ತು ಕಣ್ಲಾ. ದಿನಾ ಹೂವ ಬರ್ದು ಬರ್ದು ಮೆತ್ತಗಾಗೋಯ್ತು" ಎಂದು ಕೆಮ್ಮಿದರು. ಆ ಕೆಮ್ಮು ಆಮೇಲೆ ನಿಲ್ಲಲೇ ಇಲ್ಲ. ಅವರಿಗೆ ಅಲ್ಲಿ ಅಭಿಪ್ರಾಯ ಹೇಳುವವರು ಯಾರೂ ಇರಲಿಲ್ಲ. ಲಾರಿಯವರು ಹೂವನ್ನು ನೋಡದೆಯೇ, "ಚೆನ್ನಾಗೈತೆ" ಎಂದು ಗಾಡಿ ಬಿಡುತ್ತಿದ್ದರು.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಮೇಷ್ಟ್ರು ಹೋದರು. ಶೆಡ್ಡಿನ ಮುಂದೆ ಮಲಗಿಸಿದ್ದರು. ಬಂದವರು ಬೆರಳೆಣಿಕೆಯಷ್ಟು. ಅಷ್ಟರಲ್ಲಿ ಒಂದು ಕಾರು ನಿಂತಿತು. ಸಾಹುಕಾರರು ಇಳಿದರು. ವಯಸ್ಸಾಗಿ ಗಲ್ಲ ಬಿದ್ದು, ಮೂರನೇ ಭಾಗದ ನಡುವಿನ ಚೌಕಗಳ ಹಾಗೇ ಆಗಿದ್ದರು. ಹೆಣಕ್ಕೆ ಹಾರ ಹಾಕಿ, ಅಕ್ಕನ ಹತ್ತಿರ ಬಗ್ಗಿ, ನನಗೂ ಕೇಳುವ ಹಾಗೆ ಪಿಸುಗುಟ್ಟಿದರು:

"ಕೊನೇಗಾಲ್ದಲ್ಲಿ ಏನಾದ್ರೂ ಅಂದ್ನೇನಮ್ಮಾ? ಆ ಮಾಲಿನ ವಿಚಾರ?"

ಸತ್ತ ಮನೆಯಲ್ಲಿ ಕೇಳುವ ಮಾತೇ ಅದು? ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಅವರನ್ನು ನೇರ ನೋಡಿದಳು.

"ಅಂದ್ರು ಸಾಹುಕಾರ್ರೇ. ಎರಡ್ನೇದು ಅಂದಿದ್ದು ಜಾಸ್ತಿ ಆಯ್ತು, ಮೂರ್ನೇದು ಅನ್ಬೇಕಿತ್ತು ಅಂದ್ರು."

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಇಷ್ಟರಲ್ಲಿ ಒಂದೇ ಒಂದು ನನ್ನ ಕೈಕೆಲಸ ಇದೆ, ಮಿಕ್ಕಿದ್ದೆಲ್ಲ ನಡೆದದ್ದು. ಅಕ್ಕ ಹಾಗೆ ಹೇಳಲಿಲ್ಲ. "ಮೊದಲ್ನೇದೇ ಅಂದ್ರು ಸಾಹುಕಾರ್ರೇ, ನಿಮ್ಮನ್ನ ನೆನೆಸ್ಕೊಂಡು ಅತ್ರು" ಎಂದಳು. ಸಾಹುಕಾರರು ಚಿನ್ನದ ಹಲ್ಲು ಕಾಣುವ ಹಾಗೆ ಬಾಯಿ ತೆರೆದು ಮಗುವಿನಂತೆ ಅತ್ತರು. ತಿಥಿ ಮುಗಿಯುವಷ್ಟರಲ್ಲಿ ತಿಪಟೂರಿನ ಆ ಮನೆಯ ಬೀಗದ ಕೈ ಅಕ್ಕನ ಸೊಂಟದಲ್ಲಿತ್ತು. ಆ ಮನೆಯಲ್ಲೇ ಬಾಳಿ, ಅಲ್ಲೇ ಸತ್ತಳು. ಅವಳದು ತಪ್ಪು ಅನ್ನುವ ನಾಲಿಗೆ ನನಗಿಲ್ಲ. ಆದರೆ ಮೇಷ್ಟ್ರ ಪರವಾಗಿ ಯಾರಾದರೂ ಸಾಹುಕಾರರನ್ನು ಆ ಮೊದಲನೆಯದರಿಂದ ಮತ್ತೆ ಕೆಳಕ್ಕೆ ಇಳಿಸಬೇಕಿತ್ತು, ಕಥೆಯಲ್ಲಾದರೂ. ಸುಳ್ಳು ಹೇಳಲು ಊರಿನಲ್ಲಿ ನನಗಿಂತ ಯೋಗ್ಯನು ಯಾರಿದ್ದಾನೆ?