ಟಾರ್ಚಿನ ಗಾಜಿಗೆ ಕಟ್ಟಿದ ಬಟ್ಟೆ

ನನ್ನ ಮೇಜಿನ ಮೇಲೆ ಈಗ ಮೂರು ಟಾರ್ಚುಗಳಿವೆ. ಎಪ್ಪತ್ತು ದಾಟಿದ ಮುದುಕನಿಗೆ ಮೂರು ಟಾರ್ಚು ಯಾಕೆ ಎಂದು ನೀವು ಕೇಳಬಹುದು. ಮನೆಯಲ್ಲೂ ಕೇಳುತ್ತಾರೆ.

ಮೊದಲನೆಯದು ನನ್ನ ಪ್ರಾಯದ ಕಾಲದ್ದು, ಮೂರು ಸೆಲ್ಲಿನ ಸ್ಟೀಲ್ ಟಾರ್ಚು. ಅದಕ್ಕೆ ಇರುವುದು ಜಾರಿಸುವ ಒಂದೇ ಗುಂಡಿ. ಮುಂದೆ ತಳ್ಳಿದರೆ ಬೆಳಕು, ಹಿಂದೆ ಎಳೆದರೆ ಕತ್ತಲೆ, ನಡುವೆ ಏನೂ ಇಲ್ಲ. ಎರಡನೆಯದು ಚಿಂತಾಮಣಿ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಕೊಂಡದ್ದು. ಇದರದ್ದು ಒರಟು ಸ್ವಭಾವ. ಯಾವಾಗ ಒತ್ತಿದರೂ ಜೋರು ಬೆಳಕಿನಿಂದಲೇ ಶುರು. ಸಣ್ಣ ಬೆಳಕು ಬೇಕೆಂದರೆ ಜೋರನ್ನೂ ನಡುವಿನದನ್ನೂ ದಾಟಿಯೇ ಹೋಗಬೇಕು. ಕೈತಪ್ಪಿ ಒಂದು ಸಲ ಹೆಚ್ಚಿಗೆ ಒತ್ತಿದಿರೋ, ಪೊಲೀಸ್ ಜೀಪಿನ ದೀಪದ ಹಾಗೆ ಪಕಪಕ ಬಡಿದುಕೊಳ್ಳುತ್ತದೆ. ಮೊದಲ ದಿನ ಅದನ್ನು ಆರಿಸಲು ಗೊತ್ತಾಗದೆ ದಿಂಬಿನ ಕೆಳಗಿಟ್ಟು ಅದರ ಮೇಲೆ ಕೂತಿದ್ದೆ.

ಮೂರನೆಯದು ಗೌರಿಬಿದನೂರಿನಲ್ಲಿರುವ ಮಗಳು ಹೋದ ವಾರ ತಂದುಕೊಟ್ಟದ್ದು. ನನ್ನ ಹೆಬ್ಬೆರಳಿಗಿಂತ ತುಸು ಉದ್ದ, ಅಷ್ಟೆ. ಇದಕ್ಕೂ ಒಂದೇ ಗುಂಡಿ, ಆದರೆ ಎಂಥ ಗುಂಡಿ! ಸುಮ್ಮನೆ ಒತ್ತಿದರೆ ನೀವು ಹಿಂದಿನ ಸಲ ಬಿಟ್ಟ ಬೆಳಕನ್ನೇ ನೆನಪಿಟ್ಟುಕೊಂಡು ಕೊಡುತ್ತದೆ. ಹೊತ್ತಿಸಿ ಒತ್ತಿ ಹಿಡಿದರೆ ಒಂದೊಂದೇ ಮೆಟ್ಟಿಲು ಹತ್ತುತ್ತದೆ, ಇಳಿಯುತ್ತದೆ. ಆರಿದ್ದಾಗಲೇ ಒತ್ತಿ ಹಿಡಿದರೆ, ಊದುಬತ್ತಿಯ ತುದಿಯ ಕೆಂಡದಷ್ಟು ಬೆಳಕು. ಇಷ್ಟು ಕಡಿಮೆ ಬೆಳಕನ್ನು ಕೊಡಲು ಕೂಡ ಯಾರೋ ಕೂತು ಯೋಚಿಸಿದ್ದಾರಲ್ಲ ಎಂದು ನನಗೆ ಬೆರಗಾಯಿತು. ಜೋರು ಬೆಳಕು ಮಾಡುವುದು ದೊಡ್ಡದಲ್ಲ ನೋಡಿ, ಅದನ್ನು ಹಿಡಿದು ಪಳಗಿಸುವುದು ದೊಡ್ಡದು.

ಆಟದ ಮೇಲೆ ಆಟವಾಗಿ ಅದನ್ನು ಅಂಗೈಗೆ ಒತ್ತಿ ಹಿಡಿದೆ. ಜೋರು ಬೆಳಕಿಗೆ ಬೆರಳುಗಳೆಲ್ಲ ಕೆಂಪಗೆ ಬೆಳಗಿದವು. ದಪ್ಪ ಬೆರಳು, ತೆಳು ಬೆರಳು, ಎಲ್ಲ ಒಂದೇ. ಸಣ್ಣದು ಮಾಡಿದೆ. ಕಿರುಬೆರಳಿನ ಅಂಚು ಮಾತ್ರ ಹೊಳೆಯಿತು, ಉಳಿದದ್ದು ಕಪ್ಪು. ಅಲ್ಲಿಗೆ ನನ್ನ ಆಟ ನಿಂತಿತು. ಮೂವತ್ತು ವರ್ಷದ ಹಿಂದೆ ಅತ್ತಿಗೆ ಆಡಿದ ಒಂದು ಮಾತು ನೆನಪಾಯಿತು.

ನಮ್ಮದು ಶಿಡ್ಲಘಟ್ಟದ ಸುತ್ತಿನ ಊರು, ರೇಷ್ಮೆಹುಳ ಸಾಕುವ ಮನೆತನ. ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈಯೊಳಗೆ ನೂಲು ತುಂಬಿಕೊಂಡು, ಬೆಳಕು ಹಾಯುವಂತೆ ತಿಳಿಯಾದಾಗ ಹಣ್ಣಾಯಿತು ಎನ್ನುತ್ತೇವೆ. ಹಣ್ಣಾದದ್ದನ್ನು ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹಣ್ಣಾಗದ್ದನ್ನು ಬಿಟ್ಟರೆ ಅದು ಸುಮ್ಮನೆ ಅಲೆದು ಸಾಯುತ್ತದೆ, ಇಲ್ಲವೇ ಕಾಗದದಂಥ ಗೂಡು ಕಟ್ಟುತ್ತದೆ.

ಈ ಆರಿಸುವ ಕೆಲಸದಲ್ಲಿ ನಮ್ಮ ಅತ್ತಿಗೆಯನ್ನು ಮೀರಿಸುವವರು ಊರಲ್ಲಿರಲಿಲ್ಲ. ಕಿಟಕಿಗೆಲ್ಲ ಗೋಣಿತಾಟು ಬಿಟ್ಟ ಹುಳದ ಮನೆಯಲ್ಲಿ ಹಗಲಲ್ಲೂ ಮಬ್ಬು. ಅವರು ಒಂದು ಪುಟ್ಟ ಟಾರ್ಚಿನ ಗಾಜಿಗೆ ಅರಿಶಿನದ ಹಳೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ, ಅದರ ಮುಂದೆ ಹುಳವನ್ನು ಹಿಡಿದು ನೋಡುತ್ತಿದ್ದರು. ಊರಿಗೆಲ್ಲ ದೊಡ್ಡ ಟಾರ್ಚಿನವನಾದ ನಾನು ಸುಮ್ಮನಿರುತ್ತೇನೆಯೇ?

"ಏನತ್ತಿಗೆ, ಟಾರ್ಚಿಗೂ ಸೀರೆ ಉಡ್ಸಿದ್ದೀರಾ?"

"ಉಡ್ಸಿದ್ರೆ ಉಡ್ಸಿದೆ ಬಿಡಪ್ಪ. ಬೆಳಕು ಜಾಸ್ತಿ ಆದ್ರೆ ಹುಳ ಸುಳ್ಳು ಹೇಳ್ತೈತೆ."

ಇದೇ ಆ ಮಾತು. ಆಗ ನಾನು ನಕ್ಕಿದ್ದೆ.

ಅದೇ ಬೆಳೆಯಲ್ಲಿ, ಹುಳ ಹಣ್ಣಾಗುವ ದಿನ ಮಧ್ಯಾಹ್ನ, ಅತ್ತಿಗೆ ಊಟಕ್ಕೆ ಎದ್ದರು. ಅವರು ಬರುವಷ್ಟರಲ್ಲಿ ಕೆಲಸ ಮುಗಿಸಿ ತೋರಿಸೋಣ ಎಂದು ನನ್ನ ಮೂರು ಸೆಲ್ಲಿನ ಟಾರ್ಚು ಹಿಡಿದು ಕೂತೆ. ಎತ್ತಿ ನೋಡಿದ ಹುಳವೆಲ್ಲ ಗಾಜಿನ ಹಾಗೆ ಹೊಳೆಯಿತು. ಎಲ್ಲವನ್ನೂ ಚಂದ್ರಿಕೆಗೆ ಸುರಿದೆ. ಅವರು ಬಂದಾಗ "ನೀವೇ ಆಗ್ಲೇ ಆರ್ಸಿಟ್ಟಿದ್ರಲ್ಲ, ಅದನ್ನೇ ಬಿಟ್ಟೆ" ಎಂದೆ. ಮೂವತ್ತು ವರ್ಷ ಹೊತ್ತ ಸುಳ್ಳು ಇದು. ಅವರು ಚಂದ್ರಿಕೆಗಳ ಕಡೆ ನೋಡಿ ಕಣ್ಣುಜ್ಜಿಕೊಂಡರು.

ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳಲು ಬಂದವನೊಬ್ಬ ನಮ್ಮ ರಾಶಿಗೆ ಕೈಹಾಕಿ ಒಂದು ಗೂಡನ್ನು ಅದುಮಿ, "ಏನಣ್ಣಾ, ಗೂಡು ತಂದ್ರೋ ಮಂಡಕ್ಕಿ ತಂದ್ರೋ?" ಎಂದ. ಸುತ್ತಲಿನವರು ನಕ್ಕರು. ನಮ್ಮಣ್ಣ ಮನೆಗೆ ಬಂದವನೇ ಅತ್ತಿಗೆಗೆ ಹೇಳಿದ: "ನಿನ್ ಕಣ್ಣು ಹೋಗೈತೆ. ಇನ್ಮೇಲೆ ಹುಳದ ಮನೆಗೆ ಕಾಲಿಡಬೇಡ." ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಅವರು ಮತ್ತೆ ಕಾಲಿಡಲೂ ಇಲ್ಲ. ಅಣ್ಣ ತೀರಿಹೋದ, ಅವನ ಮಗ ಹುಳ ಸಾಕಲು ಶುರು ಮಾಡಿದ, ಅಮ್ಮನನ್ನು ಕರೆದ. "ನನಗೆ ಕಾಣಲ್ಲ ಕಣಪ್ಪ" ಎನ್ನುತ್ತಿದ್ದರು. ಹುಳ ಹಣ್ಣಾಗುವ ದಿನ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು, ಬೆನ್ನು ಹುಳದ ಮನೆಯ ಕಡೆಗೆ. ನಾನು ಅವರ ಮುಂದೆಯೇ ಪೇಪರ್ ಓದುತ್ತಿದ್ದೆ. ಹುಳ ಕೆಟ್ಟದ್ದು ನನ್ನಿಂದಲೋ, ಇನ್ನೇನೋ ರೋಗವಿತ್ತೋ ಎಂಬ ಅನುಮಾನದ ನೆರಳಲ್ಲಿ ಆರಾಮಾಗಿದ್ದೆ.

ಮೊನ್ನೆ ಆ ನೆರಳೂ ಹೋಯಿತು. ಅಂಗೈಯಲ್ಲಿ ಕಂಡದ್ದನ್ನು ಖಚಿತ ಮಾಡಿಕೊಳ್ಳಲು ಪುಟ್ಟ ಟಾರ್ಚು ಹಿಡಿದು ಪಕ್ಕದಲ್ಲೇ ಇರುವ ಅಣ್ಣನ ಮಗನ ಹುಳದ ಮನೆಗೆ ಹೋದೆ. ಆವತ್ತೂ ಹಣ್ಣಾಗುವ ದಿನವೇ. ಎರಡು ಹುಳ ತೆಗೆದುಕೊಂಡೆ, ಒಂದು ಹಣ್ಣಾದದ್ದು, ಒಂದು ಇನ್ನೂ ಸೊಪ್ಪು ಮೇಯುತ್ತಿದ್ದುದು. ಜೋರು ಬೆಳಕಿಗೆ ಎರಡೂ ಹೊಳೆದವು. ಕಡಿಮೆ ಮಾಡಿದೆ, ಇನ್ನೂ ಕಡಿಮೆ ಮಾಡಿದೆ. ಕೊನೆಯ ಮೆಟ್ಟಿಲಲ್ಲಿ ಒಂದು ಹುಳ ಸಾಬೂನಿನ ನೊರೆಯೊಳಗೆ ಬಿಸಿಲು ಬಿದ್ದಂತೆ ಹೊನ್ನಿನ ಬಣ್ಣವಾಯಿತು, ಇನ್ನೊಂದು ಕಡ್ಡಿಯ ತುಂಡಿನಂತೆ ಕಪ್ಪಗೆ ಉಳಿಯಿತು. ಜಾಣರು ಅದೆಷ್ಟೋ ಓದಿ ಈ ಗುಂಡಿಯೊಳಗೆ ಇಟ್ಟದ್ದನ್ನು, ಅಕ್ಷರ ಬಾರದ ನಮ್ಮ ಅತ್ತಿಗೆ ಎರಡು ಮಡಿಕೆ ಬಟ್ಟೆಯಲ್ಲಿ ಇಟ್ಟಿದ್ದರು. ಟಾರ್ಚು ಆರಿಸಿ ಹೊರಗೆ ಬಂದೆ.

ಅತ್ತಿಗೆ ಜಗಲಿಯ ಮೇಲಿದ್ದರು. ಎದುರು ಕೂತು ಎಲ್ಲ ಹೇಳಿದೆ. ಮೂರು ಸೆಲ್ಲಿನ ಟಾರ್ಚು, ಅವರು ಊಟಕ್ಕೆ ಎದ್ದದ್ದು, ನಾನು ಹೇಳಿದ ಸುಳ್ಳು, ಕಂಬ. ಹುಣಸೆಬೀಜ ಬಿಡಿಸುತ್ತಿದ್ದ ಅವರ ಕೈ ನಿಂತಿತು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಹಂಗಾದ್ರೆ," ಎಂದರು, "ನನ್ ಕಣ್ಣು ಚೆನ್ನಾಗೇ ಇತ್ತಾ?"

"ಚೆನ್ನಾಗೇ ಇತ್ತು ಅತ್ತಿಗೆ."

"ಈಗಿಲ್ಲ ಬಿಡು, ಈಗ ನಿಜವಾಗ್ಲೂ ಮಸುಕು." ಸೆರಗಿಗೆ ಕೈ ಒರೆಸಿಕೊಂಡು ಎದ್ದರು. "ಅದೇನೋ ತಂದಿದ್ದೀಯಲ್ಲ, ತಗಂಡು ಬಾ."

ಹುಳದ ಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಒಳಗೆ ಹೋಗಿ ಹುಳದ ತಟ್ಟೆಯ ಮುಂದೆ ಕೂತರು. ನಾನು ಗುಂಡಿ ಒತ್ತಿ ಹಿಡಿದು ಅತಿ ಸಣ್ಣ ಬೆಳಕು ಮಾಡಿಕೊಟ್ಟೆ.

"ಇದಕ್ಕಿಂತ ಸಣ್ಣದಾಗಲ್ವಾ?"

"ಇಲ್ಲತ್ತಿಗೆ, ಇದೇ ಕೊನೆ."

"ಇಷ್ಟೇನಾ ನಿನ್ ಮಗಳು ತಂದಿದ್ದು!" ಎಂದವರೇ ಸೆರಗಿನ ತುದಿಯನ್ನು ಒಂದು ಮಡಿಕೆ ಮಾಡಿ ಗಾಜಿನ ಮೇಲೆ ಹಾಕಿದರು. ಬೆಳಕು ಇದೆಯೋ ಇಲ್ಲವೋ ಎನ್ನುವಷ್ಟಾಯಿತು. ನನಗೇನೂ ಕಾಣಲಿಲ್ಲ. ಅವರು ಹುಳವನ್ನು ಮುಖದ ಹತ್ತಿರ ಹಿಡಿದು, ಬೆರಳಲ್ಲಿ ಮೆಲ್ಲಗೆ ಸವರಿ, ಬಲಕ್ಕೊಂದು ಎಡಕ್ಕೊಂದು ಇಡತೊಡಗಿದರು.

ನನ್ನನ್ನು ಕ್ಷಮಿಸಿದರೋ ಇಲ್ಲವೋ, ಹೇಳಲಿಲ್ಲ. ನಾನೂ ಕೇಳಲಿಲ್ಲ. "ಕೈ ಅಲ್ಲಾಡಿಸಬೇಡ" ಎಂದರು, ಅಷ್ಟೆ. ನನ್ನ ಕೈ ಸೋಲುತ್ತಿತ್ತು. ಅಲ್ಲಾಡಿಸಲಿಲ್ಲ.