ಕಿಟಕಿಗಳಿಗೆ ಹಾಕಿದ ಮಾಸ್ಕ್

ಸೊರಬದ ಹಳೇ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ, ಅಲ್ಲಿನ ಮೇಷ್ಟ್ರುಗಳ ಹಳೆಯದೊಂದು ಗುಂಪು ಫೋಟೋವನ್ನು ಪ್ರೊಜೆಕ್ಟರ್‌ನಿಂದ ಶಾಲೆಯ ಗೋಡೆ ತುಂಬ ಮೂಡಿಸುವ ಕೆಲಸ ಒಪ್ಪಿಕೊಂಡದ್ದು ನನ್ನ ದಡ್ಡತನ. ಶಿಕಾರಿಪುರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ತೆಪ್ಪಗಿರಬಹುದಿತ್ತು.

ಗೋಡೆಯೆಂದರೆ ಬರೀ ಗೋಡೆಯೇ? ಆರು ಕಿಟಕಿ, ಒಂದು ಬಾಗಿಲು. ಬೆಳಕು ಅವುಗಳೊಳಗೆ ನುಗ್ಗಿದರೆ ಚಿತ್ರ ಕೆಟ್ಟಿತು. ಅದಕ್ಕೇ ಲ್ಯಾಪ್‌ಟಾಪಿನಲ್ಲಿ ಒಂದೊಂದು ಕಿಟಕಿಯ ಸುತ್ತ ಚುಕ್ಕೆಯಿಟ್ಟು, ಗೆರೆ ಸೇರಿಸಿ, ಅಷ್ಟು ಭಾಗವನ್ನು ಕಪ್ಪಾಗಿ ಮುಚ್ಚಬೇಕು. ಮಾಸ್ಕ್ ಎನ್ನುತ್ತಾರೆ. ಮೂರು ಸಂಜೆ ಅದೇ ಆಯಿತು.

ಮೊದಲ ಸಂಜೆ, ಆ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಅಜ್ಜಿ ಜಡೆ ಊರಿನಿಂದ ಬಸ್ಸಿನಲ್ಲಿ ಬಂದು ಕೇಳಿದ್ದರು: “ಆ ಫೋಟೋದಲ್ಲಿ ನಾನೂ ಇದೀನಿ. ನಂದು ಅಂತ ಇರೋದು ಅದೊಂದೇ ಫೋಟೋ. ಕಾಣ್ತೀನಾ ಮೇಷ್ಟ್ರೇ?”

ತಲೆ ಎತ್ತದೆ ಹೂಂ ಅಂದೆ. ಫೋಟೋದ ಬಲತುದಿ ಪಕ್ಕದ ಶೌಚಾಲಯದ ಗೋಡೆಗೆ ಬೀಳುತ್ತಿತ್ತು. ಮೂರನೆಯ ಸಂಜೆ ಅದನ್ನೂ ಮುಚ್ಚಿದೆ. ಮುಚ್ಚುವಾಗ ಫೋಟೋದ ಆ ತುದಿಯಲ್ಲೇ ಅಜ್ಜಿ ನಿಂತಿರುವುದು ಕಂಡಿತು. ಯಾರು ಗಮನಿಸುತ್ತಾರೆ ಎಂದುಕೊಂಡೆ.

ಮಾರನೇ ಸಂಜೆ ಕಾರ್ಯಕ್ರಮ. ಸ್ವಿಚ್ ಒತ್ತಿದರೆ ಎಲ್ಲ ಅಡ್ಡಾದಿಡ್ಡಿ! ಕಪ್ಪು ಚೌಕಗಳು ಗೋಡೆಯ ಮೇಲೆ, ಹೆಡ್‌ಮೇಷ್ಟ್ರ ಮುಖ ಕಿಟಕಿಯೊಳಗೆ, ನಡುವೆ ಮೂರು ಮಸುಕು ಪಟ್ಟೆ. ಪ್ರೊಜೆಕ್ಟರ್ ಇಟ್ಟದ್ದು ಎದುರಿನ ಅಂಗಡಿಯ ಮಹಡಿಯಲ್ಲಿ. ಅಂಗಡಿ ಯಜಮಾನರು ಖುಷಿಯಿಂದ ಹೇಳಿದರು: “ಮಧ್ಯಾಹ್ನ ಮಿಷನ್ನಿಗೆ ಪೂಜೆ ಮಾಡಿದ್ವಿ ಕಣ್ರೀ. ಪೂರ್ವಕ್ಕೆ ತಿರುಗ್ಸಿ, ವಿಭೂತಿ ಹಚ್ಚಿ, ಕಾಯಿ ಒಡ್ದು, ಮತ್ತೆ ಇದ್ದ ಹಾಗೇ ಇಟ್ಟಿದೀವಿ.”

ಇದ್ದ ಹಾಗೇ! ಇಲ್ಲಿ ಒಂದು ಬೆರಳು ಸರಿದರೆ ಅಲ್ಲಿ ಒಂದು ಮೊಳ ಸರಿಯುತ್ತದೆ. ನನಗೆ ಮೈಯೆಲ್ಲ ಉರಿಯಿತು. ಭಕ್ತಿಯಿಂದ ಮಾಡಿದವರನ್ನು ಬೈಯುವಂತೆಯೂ ಇಲ್ಲ. ಲೆನ್ಸಿನ ವಿಭೂತಿ ಒರೆಸಿದೆ, ಮೇಜು ಸರಿಸಿದೆ. ಜಪ್ಪಯ್ಯ ಎಂದರೂ ಹೊಂದಲಿಲ್ಲ. ಕೆಳಗೆ ಜನ ಶಿಳ್ಳೆ ಹೊಡೆಯತೊಡಗಿದ್ದರು. ಸಿಟ್ಟಿನಲ್ಲಿ ಮೂರು ಸಂಜೆಯ ಮಾಸ್ಕನ್ನೆಲ್ಲ ಅಳಿಸಿಹಾಕಿದೆ.

ಇಡೀ ಫೋಟೋ ಹರಡಿಕೊಂಡಿತು. ಹೆಡ್‌ಮೇಷ್ಟ್ರಿಗೆ ಮೂಗೇ ಇಲ್ಲ. ಬಲಕ್ಕೆ, ಶೌಚಾಲಯದ ಗೋಡೆಯ ಮೇಲೆ, ಗಂಟೆಯ ಸುತ್ತಿಗೆ ಹಿಡಿದ ತರುಣಿ. ಮುಂದಿನ ಸಾಲಿನಿಂದ ಎದ್ದ ಅಜ್ಜಿ ಸೀದಾ ಆ ಗೋಡೆಯ ಹತ್ತಿರ ಹೋಗಿ ನಿಂತರು.

“ಮೇಷ್ಟ್ರೇ, ಆ ಕಡೇದು ಮುಚ್ರೀ, ಚೆಂದ ಕಾಣಲ್ಲ!” ಸಮಿತಿಯವರೊಬ್ಬರು ಕೂಗಿದರು.

“ಮುಚ್ಚಕ್ಕೆ ಬರಲ್ಲ ರೀ!” ಎಂದು ಗದರಿದೆ.

ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದು, “ಮಾತು ಉಳಿಸಿಕೊಂಡ್ರಿ” ಅಂದರು. ನಾಚಿಕೆಯಿಂದ ಕುಗ್ಗಿಹೋದೆ. ಅವರನ್ನು ಮುಚ್ಚಿದ್ದವನು ನಾನೇ ಎಂದು ಇಂದಿಗೂ ಹೇಳಿಲ್ಲ.