ಚಾಚಾ ಕಟ್ಟಿದ ತಾಯತ

ನಾವೀಗಿರುವ ಕೊಪ್ಪಳದ ಓಣಿಯ ತುದಿಯಲ್ಲಿ ಭಾನುವಾರ ಬೆಳಿಗ್ಗೆ ಕುರಿಯ ತಲೆ-ಕಾಲು ಸುಡುತ್ತಾರೆ. ಕೂದಲು, ಗೊರಸು ಸುಟ್ಟ ಆ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದರೆ ಮನೆಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಒಲೆ ಸಣ್ಣ ಮಾಡಿ ಸುಮ್ಮನೆ ನಿಂತುಬಿಡುತ್ತೇನೆ. ಕುಷ್ಟಗಿಯ ಹಳೇ ಮನೆ, ಎದುರಿಗಿನ ದಾರದಂಗಡಿ, ಅದರ ಕಟ್ಟೆಯ ಮೇಲೆ ಕೂತ ಚಾಚಾ...

ಅವರು ನಮಗೆ ಸಂಬಂಧಿಯೇನಲ್ಲ. ಇಡೀ ಓಣಿಗೇ ಚಾಚಾ. ಉಡದಾರ, ಕರಿಮಣಿ, ಮಕ್ಕಳ ತಾಯತ ಮಾರುತ್ತಿದ್ದರು. ಎಡಗೈ ಕಿರುಬೆರಳಿನ ಉಗುರನ್ನು ಉದ್ದ ಬಿಟ್ಟು ಅದಕ್ಕೆ ಮೆಹಂದಿ ಹಚ್ಚುತ್ತಿದ್ದರು. ಎಂಥ ಸಿಕ್ಕುಬಿದ್ದ ದಾರವನ್ನೂ ಆ ಕೆಂಪು ಉಗುರಿನ ತುದಿಯಿಂದ ಬಿಡಿಸುವರು. "ಇದು ನನ್ನ ಹತ್ಯಾರ" ಎಂದು ನಗುವರು.

ನನ್ನ ಮಗ ಆಗ ಮೂರು ತಿಂಗಳ ಕೂಸು. ನಿದ್ದೆಯಲ್ಲಿ ಬೆಚ್ಚಿ ಬೆಚ್ಚಿ ಏಳುತ್ತಿದ್ದ. ಅವನೂ ಮಲಗದೆ, ನನ್ನನ್ನೂ ಮಲಗಗೊಡದೆ, ಹಗಲೇ ಕನಸಿನಂತೆ ತೇಲುತ್ತಿದ್ದ ದಿನಗಳವು. "ಚಿಪ್ಪುಹಂದಿ ಚಿಪ್ಪು ಕಟ್ಟಿದ್ರ ಕೂಸು ಬೆಚ್ಚೂದಿಲ್ಲ" ಎಂದರು ಅತ್ತೆ. ಚಾಚಾ ತಮ್ಮ ಡಬ್ಬಿಯಿಂದ ನಾಲ್ಕೈದು ಒಣ ಚಿಪ್ಪು ತೆಗೆದು ತೋರಿಸಿದರು. ನಾನೋ, ಚೊಚ್ಚಲ ಮಗನ ತಾಯಿ. ಹುಳ ತಿಂದ ಹಳೆಯವು ಬೇಡ, ಹೊಸದೇ ಬೇಕು ಎಂದು ಹಟ ಹಿಡಿದೆ. "ತರಸ್ತೇನಿ ಬೇಟಿ" ಎಂದರು.

ಎಂಟು ದಿನಕ್ಕೆ, ಬೆಳಗಿನ ಚಹಾದ ಹೊತ್ತಿಗೆ, ಯಲಬುರ್ಗಾ ಕಡೆಯವನೊಬ್ಬ ಗೋಣಿಚೀಲವೊಂದನ್ನು ತಂದು ಅಂಗಡಿಯ ಕಟ್ಟೆಯ ಮೇಲಿಟ್ಟ. "ಹೊಸಾದು ಬೇಕಂದಿದ್ರಿ. ಕುದಿಯೋ ನೀರಾಗ ಹಾಕ್ರಿ, ಚಿಪ್ಪು ತಾವ ಬಿಚ್ಚತಾವ" ಎಂದು ಹೇಳಿ, ಸಂಜೆ ಬರುತ್ತೇನೆಂದು ಹೋದ. ಮೂವತ್ತು ವರ್ಷ ಚಿಪ್ಪು ಮಾರಿದ ಚಾಚಾ ಚಿಪ್ಪುಹಂದಿಯನ್ನು ಜೀವಂತ ಕಂಡದ್ದು ಅದೇ ಮೊದಲು.

ಅದು ಸುರುಳಿ ಸುತ್ತಿಕೊಂಡು ಕುಂಬಳಕಾಯಿಯಷ್ಟು ದುಂಡಗೆ ಕೂತಿತ್ತು. ಮಣ್ಣಿನ ಬಣ್ಣದ ಚಿಪ್ಪುಗಳ ಸಾಲು ಉಸಿರಿಗೊಮ್ಮೆ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ಕೂಸನ್ನೆತ್ತಿಕೊಂಡು ಅದನ್ನೇ ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ... ಚಾಚಾ ಹಾಲಿಟ್ಟರು, ಬಾಳೆಹಣ್ಣಿಟ್ಟರು, ರೊಟ್ಟಿ ಮುರಿದಿಟ್ಟರು. ಇರುವೆ, ಗೆದ್ದಲು ಬಿಟ್ಟು ಬೇರೇನೂ ತಿನ್ನದ, ಬಾಯಲ್ಲಿ ಹಲ್ಲೇ ಇಲ್ಲದ ಪ್ರಾಣಿಗೆ ರೊಟ್ಟಿ ಕೊಟ್ಟ ಜಾಣರು ನಾವು! ಮಧ್ಯಾಹ್ನದ ಹೊತ್ತಿಗೆ ಸುರುಳಿ ಒಂದಿಷ್ಟು ಸಡಿಲಾಯಿತು. ಹೊಟ್ಟೆಯ ಮಡಿಕೆಯಿಂದ ಇನ್ನೊಂದು ಪುಟ್ಟ ಮೂತಿ ಹೊರಗಿಣುಕಿತು. ಮರಿ! ಅದರ ಚಿಪ್ಪು ಇನ್ನೂ ಎಳೆಯದು, ಬಿಳಿಚಿಕೊಂಡಿತ್ತು. ನನ್ನ ಎದೆಯಲ್ಲಿ ಹಾಲು ತಾನಾಗಿ ಜಿನುಗಿತು. ನಾಚಿಕೆಯೂ ಆಯಿತು, ಅಳುವೂ ಬಂತು.

"ಕೂಸಿನ ಉಗುರು ಇದ್ದಂಗ ಐತೆಲ್ಲ ಇದು" ಎಂದರು ಚಾಚಾ. ಡಬ್ಬಿಯ ಒಂದು ಚಿಪ್ಪನ್ನು ಲೋಬಾನದ ಕೆಂಡದ ಮೇಲಿಟ್ಟರು. ಆಮೇಲೆ ತಮ್ಮ ಹೆಬ್ಬೆರಳಿನ ಉಗುರಿನ ತುದಿ ಕತ್ತರಿಸಿ ಅದರ ಪಕ್ಕಕ್ಕೆ ಹಾಕಿದರು. ಎರಡರದೂ ಒಂದೇ ವಾಸನೆ.

"ಬರೇ ಉಗುರು ಬೇಟಿ. ಉಗುರಿನ್ಯಾಗ ಹೋಗೂದಕ್ಕ ಕೊಡ್ಲಿ ಎತ್ತೀನಲ್ಲ ನಾನು."

ಅರಣ್ಯದವರಿಗೆ ಫೋನ್ ಮಾಡುತ್ತೇನೆ ಎಂದರು. ಚಿಪ್ಪು ಮಾರುವುದೇ ಅಪರಾಧ ಎಂಬುದು ಓಣಿಗೆಲ್ಲ ಗೊತ್ತಿದ್ದ ಗುಟ್ಟು. "ನೀವ ಸಿಕ್ಕೊಂತೀರಿ ಚಾಚಾ. ಸುಮ್ಮನ ಗುಡ್ಡಕ್ಕ ಬಿಟ್ಟು ಬರ್ರಿ" ಎಂದೆ.

"ಸುಮ್ಮನ ಬಿಟ್ರ ಅಂವ ಮತ್ತ ಹಿಡಕೊಂಡು ಬರ್ತಾನ. ಸಿಕ್ಕೊಂಡ್ರ ಸಿಕ್ಕೊಂತೇನಿ."

ಅರಣ್ಯದವರು ಬಂದರು. ಚಾಚಾ ಚಿಪ್ಪಿನ ಡಬ್ಬಿಯನ್ನೂ ಅವರ ಕೈಗಿಟ್ಟು, ಚೀಲ ತಂದವನ ಗುರುತು ಹೇಳಿದರು. ಯಾರ ಸಲುವಾಗಿ ತರಿಸಿದ್ದು ಎಂದು ಅವರು ಕೇಳಿದಾಗ ನಾನು ನಮ್ಮ ಬಾಗಿಲ ಹಿಂದೆ ಕೂಸನ್ನು ಅವಚಿಕೊಂಡು ನಿಂತಿದ್ದೆ. "ಅಂಗಡಿ ನಂದು, ತಪ್ಪು ನಂದು" ಎಂದರು ಚಾಚಾ. ನಾನು ಹೊರಗೆ ಬರಲಿಲ್ಲ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಗುಡ್ಡಕ್ಕೆ ಬಿಡುವಾಗ ಚಾಚಾನೂ ಜೀಪಿನಲ್ಲಿ ಹೋಗಿದ್ದರು. ಆ ಹೊತ್ತಿನ ಕಥೆಯನ್ನು ಕಣ್ಣು ಮುಚ್ಚಿಯೇ ಹೇಳುತ್ತಿದ್ದರು... ಹೊತ್ತು ಮುಳುಗುವಾಗ ಸುರುಳಿ ಬಿಚ್ಚಿತಂತೆ. ಮರಿ ತಾಯಿಯ ಬಾಲದ ಬುಡಕ್ಕೇರಿ ಅಪ್ಪಿಕೊಂಡಿತಂತೆ. ಹುತ್ತವೊಂದನ್ನು ಬಗೆದು ಗೇಣುದ್ದದ ನಾಲಿಗೆಯನ್ನು ಒಳಗೆ ಬಿಟ್ಟು, ಉಂಡು, ಯಾರನ್ನೂ ತಿರುಗಿ ನೋಡದೆ ಕಲ್ಲುಗಳ ನಡುವೆ ನಡೆದುಹೋಯಿತಂತೆ. "ಕೂಸಿನ್ನ ಹೊತಗೊಂಡು ತವರಮನಿಗೆ ಹೊಂಟಂಗ ಹೋತು ಬೇಟಿ."

ಕೇಸು ವರ್ಷಗಟ್ಟಲೆ ಎಳೆಯಿತು. ಅಂಗಡಿ ಮುಚ್ಚಿತು. ಮಾಡಿದ್ದುಣ್ಣೋ ಮಹಾರಾಯ ಎಂದಿತು ಓಣಿ. ಜಾಮೀನಿನ ಮೇಲೆ ಬಂದ ಮರುದಿನವೇ ಚಾಚಾ ತಾಮ್ರದ ಒಂದು ತಾಯತಕ್ಕೆ ಅರಗಿನಿಂದ ಬಾಯಿ ಮುಚ್ಚಿ ತಂದರು. ನನ್ನ ಮಗನ ಕೊರಳಿನ ಹಳೇ ದಾರದ ಗಂಟನ್ನು ಅಂದು ಹಲ್ಲು ಹಚ್ಚಿ ಬಿಡಿಸಿದರು. "ಇದು ಚಿಪ್ಪಿಗಿಂತ ಕಡಿಮಿ ಏನಿಲ್ಲ. ಮಲಗತಾನ" ಎಂದು ಹೊಸದನ್ನು ಕಟ್ಟಿದರು.

ಮಗ ಮಲಗಿದ. ಕೂಸುಗಳು ಬೆಳೆದಂತೆ ತಾವಾಗಿಯೇ ಮಲಗುತ್ತವೆಂದು ಎರಡನೆಯ ಮಗು ನನಗೆ ಕಲಿಸಿತು. ಆದರೂ ಡಬ್ಬಿಯ ಒಂದು ಚಿಪ್ಪನ್ನು ಚಾಚಾ ನನಗಾಗಿ ಬಚ್ಚಿಟ್ಟು ಆ ತಾಯತದೊಳಗೆ ಹಾಕಿದ್ದರೆಂದೇ ಇಷ್ಟು ವರ್ಷ ನಂಬಿದ್ದೆ. ಅವರೂ ಒಂದು ಸುಳ್ಳು ಹೇಳಿದ್ದಾರೆ ಎಂಬುದು ನನ್ನ ಹೇಡಿತನಕ್ಕೆ ಒಳಗೊಳಗೇ ಸಮಾಧಾನ ಕೊಡುತ್ತಿತ್ತು.

ಹೋದ ಬೇಸಿಗೆಯಲ್ಲಿ ಚಾಚಾ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮೇಲೆ. ಈ ಭಾನುವಾರ ಮತ್ತೆ ಆ ವಾಸನೆ ಬಂದಾಗ ಟ್ರಂಕಿನಿಂದ ತಾಯತ ತೆಗೆದೆ. ಚಿಪ್ಪನ್ನು ಅರಣ್ಯದವರಿಗೆ ಒಪ್ಪಿಸಬೇಕು, ಈಗಲಾದರೂ ನನ್ನ ಹೆಸರು ಹೇಳಬೇಕು ಎಂದುಕೊಂಡು ಅರಗು ಒಡೆದೆ.

ಅಂಗೈ ಮೇಲೆ ಬಿದ್ದದ್ದು ಚಿಪ್ಪಲ್ಲ. ಕಿರುಬೆರಳಿನ ಒಂದು ಉದ್ದನೆಯ ಉಗುರು. ಮೆಹಂದಿಯ ಕೆಂಪು ಇನ್ನೂ ಮಾಸಿರಲಿಲ್ಲ.

"ಹೊಸಾದು ಬೇಕು ಅಂದಾಕಿ ನಾನ ರೀ, ಚಾಚಾ" ಎಂದು ಆ ಉಗುರಿಗೇ ಹೇಳಿದೆ. ಕೇಳಬೇಕಾದವರು ಇರಲಿಲ್ಲ.